ಸರ್ಜೇರಾವನಿಗೆ ತಾಲೀಮು ಒಪ್ಪಿಸುತ್ತ

ಈ ಸಭೆಯ ಅಧ್ಯಕ್ಷಸ್ಥಾನವನ್ನೂ ಅದರ ಪಕ್ಕದ ಅರ್ಧ ಕುರ್ಚಿಯನ್ನೂ ತುಂಬಿ ಕೂತಿರುವ ಆನಂದರಾವ ಇಂಗವಲೆಯವರೇ, ಮುಖ್ಯ ಅತಿಥಿಗಳಾದ ಚರ್ಮವೈದ್ಯೆ ಡಾಕ್ಟರ್ ವಸುಧಾ ಚಿಟಣೀಸ ಅವರೇ, ಮಾಳವಾಡಿ ತಾಲೀಮೆಂಬ ಈ ಗರಡಿಮನೆಯ ಹಳೆಯ ಪೈಲ್ವಾನರೇ, ಹೊಸ ಪೈಲ್ವಾನರೇ, ಪೈಲ್ವಾನರೆಂದು ಹೇಳಿಕೊಂಡು ಬಾದಾಮಿ ಹಾಲು ಕುಡಿಯುವ ಹೊತ್ತಿಗೆ ಮಾತ್ರ ಬರುತ್ತಿದ್ದವರೇ, ಇವರೆಲ್ಲರ ಹೊಟ್ಟೆ ತುಂಬಿಸಿ ಸೋತ ತಾಯಂದಿರೇ, ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಐದು ನಿಮಿಷದಲ್ಲಿ ಒಬ್ಬನ ಬೆನ್ನನ್ನು ಮಣ್ಣಿಗೆ ತಾಗಿಸಬಹುದು. ಆದರೆ ಈ ಊರಿನಲ್ಲಿ ಹೆಸರು ಹಿಡಿದು ವಂದಿಸುವುದಕ್ಕೇ ಐದು ನಿಮಿಷ ಸಾಲುವುದಿಲ್ಲ. ಮುಂದಿನ ಸಾಲಿನಲ್ಲಿ ನನ್ನ ಮನೆಯಾಕೆ ಅಕ್ಕಾತಾಯಿ ಕೂತಿದ್ದಾಳೆ. ನನ್ನ ಮಾತು ದಾರಿ ತಪ್ಪಿದರೆ ಕೆಮ್ಮುತ್ತೇನೆಂದು ಹೇಳಿದ್ದಾಳೆ. ಆಕೆಗೆ ಕೆಮ್ಮು ಬಂದರೆ ದಯವಿಟ್ಟು ಯಾರೂ ನೀರು ಕೊಡಬೇಡಿ.

ಮೂವತ್ತೆಂಟು ವರ್ಷ ನಾನು, ಈ ಮಗದೂಮ, ಈ ತಾಲೀಮಿನ ವಸ್ತಾದನಾಗಿದ್ದೆ. ವಸ್ತಾದ ಎಂದರೆ ಯಾರು? ಪಟ್ಟು ಕಲಿಸುವವನೇ? ಪಟ್ಟು ಯಾರು ಬೇಕಾದರೂ ಕಲಿಸುತ್ತಾರೆ. ಮೊದಲ ಬಾರಿ ಬಿದ್ದವನು ಎದ್ದು ಮನೆಗೆ ಹೋಗದಂತೆ ನೋಡಿಕೊಳ್ಳುವವನು ವಸ್ತಾದ. ಈ ಮಾತನ್ನು ನಾನು ಎಲ್ಲ ಸಮಾರಂಭಗಳಲ್ಲೂ ಹೇಳಿದ್ದೇನೆ. ಪ್ರತಿ ಸಲವೂ ನೀವು ಚಪ್ಪಾಳೆ ತಟ್ಟಿದ್ದೀರಿ. ಇವತ್ತು ತಟ್ಟಬೇಡಿ. ಒಬ್ಬನನ್ನು ನಾನು ಎಬ್ಬಿಸಲಿಲ್ಲ, ಮನೆಗೆ ಕಳಿಸಿದೆ. ಅವನೇ ಇವತ್ತು ನನ್ನ ಜಾಗಕ್ಕೆ ಬರುತ್ತಿದ್ದಾನೆ.

ವೇದಿಕೆಯ ಆ ಕೊನೆಯ ಕುರ್ಚಿಯಲ್ಲಿ, ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ ಕೂತಿರುವ ಸರ್ಜೇರಾವ ಚೌಗುಲೆ. ಮೊಣಕೈಯ ತನಕ ಮಾತ್ರ ತೋಳಿರುವ ಅಂಗಿ ಹಾಕಿಕೊಂಡಿದ್ದಾನೆ. ಮಧ್ಯಾಹ್ನ ಸಮಿತಿಯವರು ಅವನಿಗೊಂದು ತುಂಬುತೋಳಿನ ಅಂಗಿಯನ್ನು ಇಸ್ತ್ರಿ ಮಾಡಿಸಿ ತಂದುಕೊಟ್ಟರು. "ಫೋಟೋದಾಗ ಚೊಲೋ ಕಾಣತೈತಿ" ಎಂದರು. ಅವನು, "ಸೆಕಿ ಆಗತೈತ್ರಿ" ಎಂದು ಮಡಚಿ ವಾಪಸು ಕೊಟ್ಟ. ಅವನ ಮೊಣಕೈಯನ್ನು ನೀವೆಲ್ಲ ಆಗಿನಿಂದ ನೋಡುತ್ತಿದ್ದೀರಿ; ನೋಡದ ಹಾಗೆ ನಟಿಸುತ್ತಲೂ ಇದ್ದೀರಿ. ಧಾರಾಳವಾಗಿ ನೋಡಿ. ಅದರ ಹೆಸರು ಸೋರಿಯಾಸಿಸ್.

ಇಪ್ಪತ್ತೆರಡು ವರ್ಷಗಳ ಹಿಂದಿನ ಮಾತು. ಸರ್ಜಾನಿಗೆ ಆಗ ಇಪ್ಪತ್ನಾಲ್ಕು. ಮನೆಯಲ್ಲಿ ಆರು ಎಮ್ಮೆ, ಆರರ ಹಾಲನ್ನೂ ಇವನೊಬ್ಬನೇ ಕುಡಿಯುತ್ತಾನೆಂದು ಊರಿನ ಆರೋಪ. ದೀಪಾವಳಿ ಮುಗಿದ ಮೇಲೆ ಗಂಟಲು ಕೆಟ್ಟು ನಾಲ್ಕು ದಿನ ಜ್ವರ ಬಂತು, ಹೋಯಿತು. ಮೂರು ವಾರ ಕಳೆದು ಎದೆಯ ಮೇಲೆ, ಬೆನ್ನ ಮೇಲೆ ಕೆಂಪು ಚುಕ್ಕೆ. ಸಂಕ್ರಾಂತಿಯ ಹೊತ್ತಿಗೆ ಮೊಣಕೈ ಮೊಣಕಾಲಲ್ಲಿ ದಪ್ಪ ಮಚ್ಚೆ, ಅದರ ಮೇಲೆ ಬೆಳ್ಳಿಯ ಬಣ್ಣದ ಹೊಟ್ಟು. ಕುಸ್ತಿಯಲ್ಲಿ ಮೈ ಎಲ್ಲಿ ತರಚಿತೋ ಹತ್ತು ದಿನದಲ್ಲಿ ಅಲ್ಲೇ ಇನ್ನೊಂದು ಮಚ್ಚೆ.

ಕುಸ್ತಿ ಎಂದರೇನು? ಚರ್ಮಕ್ಕೆ ಚರ್ಮ ಉಜ್ಜುವ ವಿದ್ಯೆ. ಮೊದಲ ದಿನ ಅವನ ಜೋಡಿ ಬಾಬಾಸಾಹೇಬ ಖೋತ ನನ್ನ ಬಳಿ ಬಂದು, "ವಸ್ತಾದ, ಇವತ್ತ ನಾ ಸರ್ಜ್ಯಾನ ಜೋಡಿ ಹಿಡಿಯಂಗಿಲ್ಲರಿ. ಹೆಗಲ ನೋವು" ಎಂದ. ಎರಡನೆಯ ದಿನ ಇನ್ನೊಬ್ಬನಿಗೆ ಮೊಣಕಾಲು ನೋವು. ವಾರ ಕಳೆಯುವುದರೊಳಗೆ ಇಡೀ ತಾಲೀಮು ನೋವಿನಿಂದ ನರಳುತ್ತಿತ್ತು; ನಿಜವಾಗಿ ಮೈ ಕೆಟ್ಟಿದ್ದವನೊಬ್ಬ ಮಾತ್ರ ಮಣ್ಣಿನ ನಡುವೆ ತೊಡೆ ತಟ್ಟಿಕೊಂಡು ಜೋಡಿಗಾಗಿ ಕಾಯುತ್ತಿದ್ದ.

ನಾನು ಅವನನ್ನು ಕರೆದೆ. "ಸರ್ಜ್ಯಾ, ವಾಸಿ ಮಾಡ್ಕೊಂಡ ಬಾ. ಅಲ್ಲೀತನಕಾ ಕುಸ್ತಿ ಮಟ್ಟಿಗಿ ಇಳೀಬ್ಯಾಡ."

"ಎಷ್ಟ ದಿನ್ರಿ, ವಸ್ತಾದ?"

"ಅದನ್ನ ನಾ ಹೆಂಗ ಹೇಳ್ಲಿ? ನಿನ್ನ ಚರ್ಮಾನ ಕೇಳು."

ಬಹಳ ಚತುರ ಉತ್ತರವೆಂದು ಆಗ ನನಗೆ ಅನಿಸಿತ್ತು. ನಾಲ್ಕು ಜನ ನಕ್ಕರು ಕೂಡ. ಮರುದಿನ ಮಣ್ಣನ್ನೇ ಬದಲಾಯಿಸಬೇಕೆಂದು ಎಲ್ಲರೂ ಪಟ್ಟು ಹಿಡಿದರು. ವರ್ಷಗಟ್ಟಲೆ ಅರಿಸಿನ, ಮಜ್ಜಿಗೆ, ಎಣ್ಣೆ ಕುಡಿಸಿ ಮಗುವಿನ ಹಾಗೆ ಸಾಕಿದ ಮಣ್ಣು, ಎರಡು ಗಾಡಿ ತುಂಬಾ! ಅಗೆದು ಹೊರಗೆ ಹಾಕಿದವನು ಯಾರು ಗೊತ್ತೇ? ಸರ್ಜಾ. "ನನ್ನಿಂದ ಆಗೈತಿ, ನಾನ ತಗೀತೀನಿ" ಎಂದು ನಸುಕಿನಲ್ಲೇ ಸಲಿಕೆ ಹಿಡಿದು ಬಂದಿದ್ದ. ನಾನು ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ, "ಆ ಮೂಲ್ಯಾಗ ಇನ್ನಾ ಉಳದೈತಿ ನೋಡು" ಎಂದೆ. ಇದನ್ನು ಈವರೆಗೆ ಎಲ್ಲೂ ಹೇಳಿರಲಿಲ್ಲ. ಇವತ್ತೂ ಹೇಳಬೇಕೆಂದಿರಲಿಲ್ಲ.

ಆಮೇಲೆ ಊರವರೆಲ್ಲ ವೈದ್ಯರಾದರು. ಒಬ್ಬರು ಬೇವಿನ ನೀರು ಎಂದರು, ಒಬ್ಬರು ಗೋಮೂತ್ರ, ಒಬ್ಬರು ಬದನೆಕಾಯಿ ಬಿಡು ಎಂದರು. ಅವನು ಬದನೆಕಾಯಿ ಬಿಟ್ಟ, ಮಚ್ಚೆ ಅವನನ್ನು ಬಿಡಲಿಲ್ಲ. ಇಟ್ಟಿಗೆಯಿಂದ ತಿಕ್ಕಿದರೆ ಬೇರು ಕಿತ್ತುಬರುತ್ತದೆ ಎಂದರು. ರಕ್ತ ಬರುವ ಹಾಗೆ ತಿಕ್ಕಿದ, ಮಚ್ಚೆ ಇಮ್ಮಡಿಯಾಯಿತು. ಕೊನೆಗೆ ಸಂತೆಯಲ್ಲಿ ಗಾಡಿ ನಿಲ್ಲಿಸಿಕೊಂಡು ಕಪ್ಪು ಗುಳಿಗೆ ಮಾರುತ್ತಿದ್ದ ಒಬ್ಬನ ಹತ್ತಿರ ಯಾರೋ ಅವನನ್ನು ಕರೆದೊಯ್ದರು.

ಯಾರೋ ಏನು, ನಾನೇ.

ಗುಳಿಗೆ ನುಂಗಿದ ಹತ್ತು ದಿನಕ್ಕೆ ಮೈ ಕನ್ನಡಿಯಂತಾಯಿತು. ನಾನು ಪೇಢೆ ಹಂಚಿದೆ. ಈಗ ಡಾಕ್ಟರ್ ನನ್ನನ್ನು ನೋಡಿ ತಲೆ ಅಲ್ಲಾಡಿಸುತ್ತಿದ್ದಾರೆ. ಆ ಗುಳಿಗೆಯಲ್ಲಿ ಸ್ಟಿರಾಯ್ಡ್ ಅರೆದು ಸೇರಿಸಿದ್ದರೆಂಬುದು ನಮಗೇನು ಗೊತ್ತು? ಗುಳಿಗೆ ಮುಗಿಯಿತು, ಗಾಡಿಯವನು ಮುಂದಿನ ಊರಿಗೆ ಹೋದ. ಎರಡು ವಾರದಲ್ಲಿ ಸರ್ಜಾನ ಮೈಯೆಲ್ಲ, ತಲೆಯೊಂದನ್ನು ಬಿಟ್ಟು, ಕೆಂಡದಂತಾಗಿ ಉಳ್ಳಾಗಡ್ಡಿಯ ಸಿಪ್ಪೆಯ ಹಾಗೆ ಸುಲಿಯತೊಡಗಿತು. ಏಪ್ರಿಲ್ ಬಿಸಿಲಿನಲ್ಲಿ ಎರಡು ರಗ್ಗು ಹೊದ್ದು ಗಡಗಡ ನಡುಗುತ್ತಿದ್ದ.

ಅವನ ತಾಯಿ ಬೆಳಿಗ್ಗೆ ನಮ್ಮ ಮನೆಗೆ ಓಡಿಬಂದಳು. ಅವರ ಮನೆಯ ಹೊಸ್ತಿಲು ದಾಟಲು ಯಾರೂ ತಯಾರಿರಲಿಲ್ಲ. ನಾನೂ ಚಪ್ಪಲಿ ಹುಡುಕುತ್ತ ಹೊತ್ತು ಕಳೆಯುತ್ತಿದ್ದೆ. ಅಕ್ಕಾತಾಯಿ ಒಳಗಿನಿಂದ ಬಂದು, "ಜೀವಮಾನಾ ಎಲ್ಲಾ ಮಂದೀನ ಎತ್ತಿ ಒಗಿಯೂದ ಆತಲ್ಲ, ಒಬ್ಬನ್ನ ಎತ್ತಿ ದವಾಖಾನಿಗಿ ಒಯ್ಯಾಕ ಆಗಂಗಿಲ್ಲೇನು? ಚಪ್ಪಲಿ ನಿಮ್ಮ ಕಾಲಾಗ ಅದಾವ" ಎಂದಳು.

ಹೋದೆ. ದಪ್ಪ ಕಂಬಳಿಯಲ್ಲಿ ಅವನನ್ನು ಸುತ್ತಿ ಎತ್ತಿಕೊಂಡು ಟೆಂಪೋದಲ್ಲಿ ಹಾಕಿ ಕೊಲ್ಹಾಪುರಕ್ಕೆ ಒಯ್ದೆ. ಅಲ್ಲಿ ನನ್ನ ಎದೆಮಟ್ಟಕ್ಕೂ ಬಾರದ ಒಬ್ಬ ಹೆಣ್ಣುಮಗಳು ಬಂದು, ಕಂಬಳಿ ಸರಿಸಿ, ಬರಿಗೈಯಿಂದ ಅವನ ಭುಜ ಮುಟ್ಟಿ ಜ್ವರ ನೋಡಿ, ನನ್ನ ಕಡೆ ತಿರುಗಿ ಕೇಳಿದರು: "ಈ ಕಂಬಳಿ ಅವನ ಚಳಿಗೋ, ನಿಮ್ಮ ಅಂಜಿಕಿಗೋ?"

ಅವರೇ ಇವತ್ತಿನ ಮುಖ್ಯ ಅತಿಥಿಗಳು. ಆಗ ಅವರ ಕೂದಲು ಕಪ್ಪಾಗಿತ್ತು, ನಾಲಿಗೆ ಈಗಿನಷ್ಟೇ ಹರಿತವಾಗಿತ್ತು. ಹನ್ನೆರಡು ದಿನ ಸರ್ಜಾನನ್ನು ಅಲ್ಲಿ ಇಟ್ಟುಕೊಂಡರು. ಮೊದಲ ಎರಡು ದಿನ ಉಳಿಯುವ ಭರವಸೆ ಕೊಡಲಿಲ್ಲ. ಮೂರನೆಯ ದಿನ ಅವನು ಗಂಜಿ ಬೇಡವೆಂದು ಮುಖ ತಿರುಗಿಸಿ ಭಾಕರಿ ಕೇಳಿದಾಗ, ಬದುಕಿದ ಎಂದುಕೊಂಡೆವು. ನಾನು ಧೈರ್ಯ ಮಾಡಿ ಡಾಕ್ಟರರನ್ನು ಕೇಳಿದೆ.

"ಇದು ಅಂಟತೈತೇನ್ರಿ?"

"ಇಲ್ಲ."

"ಮುಟ್ಟಿದರ?"

"ಇಲ್ಲ."

"ಒಂದ ತಾಟಿನ್ಯಾಗ ಉಂಡರ? ಒಂದ ಮಟ್ಟಿಯೊಳಗ ಹೊರಳಾಡಿದರ?"

"ಮಗದೂಮರ, ಇಲ್ಲ ಅನ್ನಾಕ ನಿಮ್ಮ ಊರಾಗ ಎಷ್ಟ ಶಬ್ದ ಅದಾವ ಹೇಳ್ರಿ. ಒಂದ ಸಲಕ್ಕ ಎಲ್ಲಾ ಹೇಳಿಬಿಡ್ತೀನಿ."

ನಮ್ಮೆಲ್ಲರ ಚರ್ಮವೂ ತಿಂಗಳಿಗೊಮ್ಮೆ ಹಳೆಯದು ಉದುರಿ ಹೊಸದಾಗುತ್ತದಂತೆ. ಇವನದಕ್ಕೆ ಅವಸರ, ವಾರದೊಳಗೇ ಹೊಸದು ಹುಟ್ಟುತ್ತದೆ. ಹಳೆಯದಕ್ಕೆ ಉದುರಲು ಪುರಸೊತ್ತಿಲ್ಲದೆ ಒಂದರ ಮೇಲೊಂದು ಕೂತು ಹೊಟ್ಟಾಗುತ್ತದೆ. ಮೈಯೊಳಗಿನ ಕಾವಲುಗಾರ ಕಳ್ಳನಿಲ್ಲದಿದ್ದರೂ ಬಡಿಗೆ ಎತ್ತುವುದರಿಂದ ಹೀಗಾಗುತ್ತದೆ ಎಂದರು. "ಪೂರ್ತಿ ವಾಸಿ ಆಗತೈತೇನ್ರಿ?" ಎಂದೆ. "ಬೇರು ಸಮೇತ ಕಿತ್ತ ಒಗೀತೀನಿ ಅನ್ನಾಂವ ಸಿಕ್ಕರ ಅವನ ಗಾಡಿ ಕಂಡ ಕೂಡಲೇ ಓಡ್ರಿ. ಇದು ಹತೋಟಿಗೆ ಬರತೈತಿ. ತಿಂಗಳಾನುಗಟ್ಟಲೆ, ಒಮ್ಮೊಮ್ಮೆ ವರ್ಷಾನುಗಟ್ಟಲೆ ಸುಮ್ಮನಿರತೈತಿ. ಮತ್ತ ಎದ್ದರ ಮತ್ತ ಕೂಡಿಸಬೇಕು. ಎದುರಾಳಿ ಅಂತ ತಿಳೀರಿ, ದಿನಾ ಅಭ್ಯಾಸ ಬಿಡಬಾರದು."

ಆ ಅಭ್ಯಾಸವನ್ನು ಸರ್ಜಾ ಕುಸ್ತಿಗಿಂತ ನಿಷ್ಠೆಯಿಂದ ಕಲಿತ. ಇಟ್ಟಿಗೆ ಬಂದ್. ಉಗುರುಬೆಚ್ಚಗಿನ ನೀರು, ಮೈ ಪೂರ್ತಿ ಒಣಗುವ ಮೊದಲೇ ಜಿಡ್ಡಿನ ಮುಲಾಮು. ವಾರಕ್ಕೆ ಒಂದೇ ದಿನ ಒಂದು ಗುಳಿಗೆ. ದಿನಾ ನುಂಗಿದರೆ ಜೀವಕ್ಕೆ ಅಪಾಯ ಎಂದು ಡಾಕ್ಟರ್ ಅವನ ಕೈಯಲ್ಲೇ ಮೂರು ಸಲ ಬರೆಸಿದ್ದರು. ಆಗಾಗ ರಕ್ತಪರೀಕ್ಷೆ, ಸೆರೆ ಕುಡಿಯುವ ಹಾಗಿಲ್ಲ, ತಂಬಾಕು ಬಿಡಬೇಕು, ಬೆಳಿಗ್ಗೆ ಕೀಲು ಬಿಗಿದರೆ ಮುಚ್ಚಿಡದೆ ಹೇಳಬೇಕು. ವಾರಕ್ಕೆ ಮೂರು ದಿನ ಬೆಳಕಿನ ಪೆಟ್ಟಿಗೆಯೊಳಗೆ ಕಪ್ಪು ಕನ್ನಡಕ ಹಾಕಿಕೊಂಡು ಲಂಗೋಟಿಯಲ್ಲಿ ನಿಲ್ಲುತ್ತಿದ್ದ. ನೋಡಲು ಸಿನಿಮಾದ ಖಳನಾಯಕ ಸ್ನಾನಕ್ಕೆ ಹೊರಟ ಹಾಗೆ. ತಲೆಗೆ ಮಾತ್ರ ಬೇರೆ ಉಪಚಾರ. ಎಣ್ಣೆ ಹಚ್ಚಿ ಹೊಟ್ಟನ್ನು ನೆನೆಯಬಿಡಬೇಕು, ಬಾಚಣಿಗೆಯಿಂದ ಕೆರೆಯಬಾರದು, ಕಪ್ಪು ವಾಸನೆಯ ಶಾಂಪೂ ಹಾಕಿ ಮೆಲ್ಲಗೆ ತೊಳೆಯಬೇಕು. ನಾನು ಹಾಗೇ ಮಾಡಿದೆ. ಮೂರು ತಿಂಗಳಲ್ಲಿ ತುರಿಕೆ ನಿಂತು...

ಯಾಕೆ, ಎಲ್ಲರೂ ಸುಮ್ಮನಾದಿರಿ? ಅಕ್ಕಾತಾಯಿ, ಈಗ ಕೆಮ್ಮಿ ಏನು ಉಪಯೋಗ?

ಸಭಿಕರೇ, "ಸರ್ಜಾ ಹಾಗೇ ಮಾಡಿದ" ಎಂದು ನಾನು ಹೇಳಬೇಕಿತ್ತು. ಆದರೆ ಸರ್ಜಾನ ತಲೆಗೆ ಏನೂ ಆಗಿರಲಿಲ್ಲ. ಅದನ್ನೂ ನಾನೇ ಆಗಲೇ ಹೇಳಿಬಿಟ್ಟಿದ್ದೇನೆ. ಹಿಡಿತ ತಪ್ಪಿತು. ಬಿದ್ದ ಮೇಲೆ ಪೂರ್ತಿ ಬೀಳುವುದೇ ಮರ್ಯಾದೆ.

ಅವನ ಮಂಚದ ಪಕ್ಕ ಗಂಜಿಯ ಬಟ್ಟಲು ಹಿಡಿದು ನಿಂತಿದ್ದಾಗ ಡಾಕ್ಟರರ ಕಣ್ಣು ನನ್ನ ಉಗುರುಗಳ ಮೇಲೆ ಬಿತ್ತು. ಸೂಜಿಯಿಂದ ಚುಚ್ಚಿದ ಹಾಗೆ ಸಣ್ಣ ಸಣ್ಣ ಕುಳಿ. ಹೊರಗೆ ಕರೆದು, "ಮಗದೂಮರ, ತಲಿ ಮ್ಯಾಲಿನ ಪಟಕಾ ತಗೀರಿ" ಎಂದರು.

"ಪಟಕಾ ಅಂದರ ನಮ್ಮ ಮರ್ಯಾದಿರಿ, ಡಾಕ್ಟರಬಾಯಿ."

"ನನಗ ಮರ್ಯಾದಿ ನೋಡೂದಿಲ್ಲ. ತಲಿ ನೋಡೂದೈತಿ."

ತೆಗೆದೆ. ಹಣೆಯ ಅಂಚಿನಿಂದ ಹಿಂಗತ್ತಿನವರೆಗೆ ಅದೇ ಹೊಟ್ಟು. ಹದಿನೆಂಟು ವರ್ಷದಿಂದ ಇತ್ತು. ತಲೆಹೊಟ್ಟು ಎಂದು ಹೇಳಿಕೊಳ್ಳುತ್ತಿದ್ದೆ. ತಲೆಹೊಟ್ಟಿಗೆ ದಿಂಬಿನ ಮೇಲೆ ರಕ್ತ ಯಾಕೆ ಬೀಳುತ್ತದೆ ಎಂದು ಅಕ್ಕಾತಾಯಿ ಕೇಳುತ್ತಿದ್ದಳು; ನಾನು ದಿಂಬನ್ನೇ ಬಯ್ಯುತ್ತಿದ್ದೆ. ಡಾಕ್ಟರ್ ಎಲ್ಲ ನೋಡಿ ಮುಗಿಸಿದ ಮೇಲೆ ನಾನು ಕೇಳಿದ ಮೊದಲ ಮಾತು ಇಷ್ಟೇ: "ಸರ್ಜ್ಯಾಗ ನನ್ನಿಂದನ ಬಂತೇನ್ರಿ?"

ಅಂದು ಮೊದಲ ಬಾರಿಗೆ ಅವರ ಧ್ವನಿ ಮೆತ್ತಗಾಯಿತು. "ಇಲ್ರಿ. ಅವನ ಅಜ್ಜಗ ಇತ್ತಂತ ತಾಯಿ ಹೇಳ್ಯಾಳ. ಗಂಟಲಜ್ವರ ಒಂದ ನೆಪಾ ಆತು ಅಷ್ಟ. ಹದಿನೆಂಟ ವರ್ಷದಾಗ ಎಷ್ಟ ಮಂದಿ ತಲಿಗಿ ತಲಿ ಹಚ್ಚಿ ಕುಸ್ತಿ ಹಿಡದೀರಿ ನೀವು?"

"ಸಾವಿರಾರು."

"ಎಷ್ಟ ಮಂದಿಗಿ ಅಂಟಿಸೀರಿ?"

ಒಬ್ಬರಿಗೂ ಇಲ್ಲ. ಮಗ್ಗುಲಲ್ಲೇ ಮಲಗುವ ಅಕ್ಕಾತಾಯಿಗೂ ಇಲ್ಲ. ನಾನು ಕೈಮುಗಿದು, "ಇದನ್ನ ತಾಲೀಮಿನ್ಯಾಗ ಹೇಳಬ್ಯಾಡ್ರಿ" ಎಂದೆ. "ರೋಗಿ ಗುಟ್ಟು ನಾ ಹೇಳಂಗಿಲ್ಲ. ಆದರ ಸರ್ಜೇರಾವನ ಪರವಾಗಿ ಇದಕ್ಕಿಂತ ದೊಡ್ಡ ಸಾಕ್ಷಿ ನನ್ನ ಕಡೆ ಇಲ್ಲ. ಹೇಳೂದು ಬಿಡೂದು ನಿಮ್ಮ ಮನಸ್ಸು" ಎಂದರು.

ಮಳೆಗಾಲದ ಹೊತ್ತಿಗೆ ಸರ್ಜಾ ಗಟ್ಟಿಯಾದ. ಒಂದು ಭಾನುವಾರ ಡಾಕ್ಟರ್ ಅವನನ್ನು ಕರೆದುಕೊಂಡು ತಾಲೀಮಿಗೇ ಬಂದರು. ಹೆಂಗಸರು ಒಳಗೆ ಬರದ ಕಾಲ ಅದು. ಅವರು ಬಂದಿದ್ದಷ್ಟೇ ಅಲ್ಲ, ಚಪ್ಪಲಿ ಹಾಕಿಕೊಂಡು ನೇರವಾಗಿ ಮಟ್ಟಿಯ ನಡುವೆ ನಿಂತರು! ನಲವತ್ತು ಪೈಲ್ವಾನರು ಅಯ್ಯೋ ಎಂದು ಒಟ್ಟಿಗೆ ಚೀರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವರು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಅರ್ಧ ಗಂಟೆ ತಿಳಿಸಿ ಹೇಳಿದರು. ಸರ್ಜಾ ಬಾಗಿಲ ಬಳಿ ನಿಂತಿದ್ದ.

ಎಲ್ಲ ಕೇಳಿದ ಮೇಲೆ ಖೋತ ಎದ್ದ. "ಡಾಕ್ಟರಬಾಯಿ, ನೀವು ಕಲಿತವರು, ಖರೆ ಇರಬಹುದು. ಆದರ ಸಾಕ್ಷಿ ಏನು? ಇಂಥಾ ರೋಗ ಇದ್ದಾಂವನ ಜೋಡಿ ಕುಸ್ತಿ ಹಿಡದೂ ಏನೂ ಆಗಲಾರದಾಂವ ಒಬ್ಬಾಂವ ಇದ್ದರ ತೋರಸ್ರಿ."

ನನ್ನ ಜೋಡಿ ಹಿಡಿದ ಆ ನಲವತ್ತು ಜನರೂ ಅಂಥವರೇ. ಡಾಕ್ಟರ್ ನನ್ನನ್ನು ನೋಡಿದರು. ನಾನು ತೊಲೆಯ ಮೇಲಿದ್ದ ಗುಬ್ಬಿಯ ಗೂಡನ್ನು ನೋಡಿದೆ. ಅಷ್ಟು ಶ್ರದ್ಧೆಯಿಂದ ಆ ಗೂಡನ್ನು ಗುಬ್ಬಿಯೂ ನೋಡಿರಲಿಕ್ಕಿಲ್ಲ. ಒಂದೇ ಮಾತು ಹೇಳಿದ್ದರೆ ಸಾಕಿತ್ತು. ಸಭಿಕರೇ, ಆನೆಯಂಥ ಆಳುಗಳನ್ನು ಎತ್ತಿ ಕೆಡವಿದವನ ಬಾಯಿಂದ ಆ ಒಂದು ಮಾತು ಹೊರಡಲಿಲ್ಲ.

ಸರ್ಜಾ ಹೊರಗೆ ಹೋಗಲು ತಿರುಗಿದ. ಅವನ ಬೆನ್ನು ಕಂಡಾಗ ನನಗೆ ತಡೆಯಲಾಗಲಿಲ್ಲ. ಅಂಗಿ ಬಿಚ್ಚಿದೆ, ಪಟಕಾ ತೆಗೆಯುತ್ತಲೇ ತಲೆಗೆ ಟವೆಲ್ ಬಿಗಿದುಕೊಂಡೆ, ಮಟ್ಟಿಗೆ ಇಳಿದು, "ಏ ಸರ್ಜ್ಯಾ, ಬಾ ಇಲ್ಲೆ. ನನ್ನ ಜೋಡಿ ಹಿಡಿ" ಎಂದೆ. ನನಗಾಗ ಐವತ್ತು ವರ್ಷ.

ಹಿಡಿದೆವು. ತಲೆಗೆ ತಲೆ ಕೊಟ್ಟು ತಳ್ಳುವಾಗ ಟವೆಲ್ ಸಡಿಲಾಗಿ ಕಿವಿಯ ಮೇಲೆ ಜಾರಿತು. ಅವನ ಕಣ್ಣು ಒಂದು ಗೇಣು ದೂರದಲ್ಲಿತ್ತು. ಅವನು ಅಲುಗಾಡದೆ ನಿಂತುಬಿಟ್ಟ.

"ವಸ್ತಾದ... ನಿಮಗೂ ಐತಿ."

"ಬಾಯಿ ಮುಚ್ಚು, ಸರ್ಜ್ಯಾ."

ಅವನ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ? ಎರಡು ಗಾಡಿ ಮಣ್ಣು ಅಗೆದವನು ಅವನು. ಟವೆಲ್ ಎಳೆದು ನಲವತ್ತು ಜನರಿಗೆ ತೋರಿಸಿದ್ದರೆ ಯಾರು ತಪ್ಪೆನ್ನುತ್ತಿದ್ದರು? ಅವನು ಕುತ್ತಿಗೆ ಹಿಡಿಯುವ ನೆಪದಲ್ಲಿ ಕೈ ಮೇಲೆತ್ತಿ, ಟವೆಲನ್ನು ನನ್ನ ತಲೆಯ ಮೇಲೆ ಸರಿಯಾಗಿ ಎಳೆದು, ತುದಿಯನ್ನು ಸಿಕ್ಕಿಸಿದ. ಆಮೇಲೆ ನನ್ನನ್ನು ಹೆಗಲ ಮೇಲಿಂದ ಎತ್ತಿ ಒಗೆದ. ಮೊದಲು ನನ್ನ ಮಾನ ಉಳಿಸಿದ, ಆಮೇಲೆ ನನ್ನ ಬೆನ್ನು ಮಣ್ಣಿಗೆ ತಾಗಿಸಿದ. ಗಮನ ಬೇರೆಡೆ ಇದ್ದುದರಿಂದ ಸೋತೆ ಎಂದು ನಾನು ಇಂದಿಗೂ ವಾದಿಸುತ್ತೇನೆ, ಅಕ್ಕಾತಾಯಿ ಒಪ್ಪುವುದಿಲ್ಲ.

ಮರುದಿನ ಖೋತ ತಾನಾಗಿ ಬಂದು ಅವನ ಕೈ ಹಿಡಿದ. ಸರ್ಜಾ ಆಮೇಲೆ ಗೆದ್ದ ಕುಸ್ತಿಗಳನ್ನು ನೀವೇ ನೋಡಿದ್ದೀರಿ. ಚಳಿಗಾಲದಲ್ಲಿ ಅವನಿಗೆ ಹೆಚ್ಚಾಗುತ್ತದೆ, ಚಿಂತೆ ಹೆಚ್ಚಾದರೂ ಹೆಚ್ಚಾಗುತ್ತದೆ. ಹೆಚ್ಚಾದಾಗಲೆಲ್ಲ ಪರವೂರಿನ ಕಣಗಳಲ್ಲಿ ಅವನಿಗೆ ಏನೇನೋ ಅಡ್ಡಹೆಸರು ಇಟ್ಟು ಕೂಗಿದರು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವಾದರೂ "ನನ್ನನ್ನ ಅಂತೀರಿ, ನಿಮ್ಮ ವಸ್ತಾದನ ತಲಿ ನೋಡ್ರಿ" ಎಂದು ಅವನು ಹೇಳಲಿಲ್ಲ. ನನ್ನ ಹತ್ತಿರವೂ ಅದನ್ನೆತ್ತಲಿಲ್ಲ. ಪ್ರತಿ ಚಳಿಗಾಲ ನನ್ನ ಮನೆಯ ಕಟ್ಟೆಯ ಮೇಲೆ ಒಂದು ಶಾಂಪೂ ಬಾಟಲಿ ಇಟ್ಟು ಹೋಗುತ್ತಾನೆ, ಅಷ್ಟೇ.

ಈಗ ಕೊನೆಯ ಮಾತು. ಹದಿನೈದು ದಿನಗಳ ಹಿಂದೆ ಸಮಿತಿಗೆ ಒಂದು ಅರ್ಜಿ ಬಂದಿದೆ. ಕೆಳಗೆ ಏಳು ಸಹಿ. "ಚರ್ಮರೋಗ ಇರುವ ಮನುಷ್ಯನ ಕೈಗೆ ನಮ್ಮ ಮಕ್ಕಳನ್ನು ಹೇಗೆ ಒಪ್ಪಿಸುವುದು?" ಎಂದು ಕೇಳಿದ್ದಾರೆ. ಬಹಳ ಒಳ್ಳೆಯ ಪ್ರಶ್ನೆ. ಅದಕ್ಕೆ ನನ್ನದೂ ಒಂದು ಪ್ರಶ್ನೆ: ಮೂವತ್ತೆಂಟು ವರ್ಷ ಯಾರ ಕೈಗೆ ಒಪ್ಪಿಸಿದ್ದಿರಿ?

ಪಟಕಾ ತೆಗೆದು ತೋರಿಸಲು ಹೇಳಬೇಡಿ. ಈಗ ಅಲ್ಲಿ ಹೊಟ್ಟೂ ಇಲ್ಲ, ಕೂದಲೂ ಇಲ್ಲ, ನೋಡುವಂಥದ್ದೇನೂ ಉಳಿದಿಲ್ಲ. ಏಳು ಜನರ ಹೆಸರನ್ನೂ ನಾನು ಓದುವುದಿಲ್ಲ. ಆದರೆ ಅವರಲ್ಲೊಬ್ಬರು ನಾನು ಮಾತು ಶುರು ಮಾಡಿದಾಗಿನಿಂದ ಟೊಪ್ಪಿಗೆಯೊಳಗೆ ಬೆರಳು ತೂರಿಸಿ ಕಿವಿಯ ಹಿಂದೆ ಕೆರೆದುಕೊಳ್ಳುತ್ತಿದ್ದಾರೆ. ಅಣ್ಣಾ, ಕೆರೆಯಬೇಡ, ಹೆಚ್ಚಾಗುತ್ತದೆ. ಬರೀ ತಲೆಹೊಟ್ಟೂ ಇರಬಹುದು, ದೇವರು ಹಾಗೇ ಮಾಡಲಿ. ಅಲ್ಲದಿದ್ದರೂ ಹೆದರುವಂಥದ್ದೇನಿಲ್ಲ. ಊಟವಾದ ಮೇಲೆ ಡಾಕ್ಟರರು ಒಂದು ಗಂಟೆ ಇಲ್ಲೇ ಇರುತ್ತಾರೆ. ಒಬ್ಬನೇ ಹೋಗಲು ನಾಚಿಕೆಯಾದರೆ ನಾನು ಜೊತೆಗೆ ಬರುತ್ತೇನೆ. ಆ ನಾಚಿಕೆ ನನಗೆ ಹದಿನೆಂಟು ವರ್ಷದ ಪರಿಚಯ.

ಡಾಕ್ಟರರಿಗೆ, ಸಮಿತಿಗೆ, ನನ್ನ ಗುಟ್ಟನ್ನು ದಿಂಬಿನ ಕೆಳಗೆ ಕಾಪಾಡಿದ ಅಕ್ಕಾತಾಯಿಗೆ, ಐದು ನಿಮಿಷ ಇಷ್ಟುದ್ದವಾದರೂ ಎದ್ದು ಹೋಗದ ನಿಮಗೆ ನಾನು ಋಣಿ.

ಸರ್ಜೇರಾವ, ತಲೆ ಎತ್ತು. ಇಪ್ಪತ್ತೆರಡು ವರ್ಷ ತಡವಾಯಿತು, ಅದಕ್ಕೆ ಈ ಸಭೆಯ ಎದುರಿಗೇ ಕ್ಷಮೆ ಕೇಳುತ್ತೇನೆ. ಇನ್ನು ನಿನ್ನನ್ನು 'ನೀನು' ಎಂದು ಕರೆಯುವುದು ಇದೇ ಕೊನೆ. ನಾಳೆಯಿಂದ ನಾನು ಕಟ್ಟೆಯ ಮೇಲೆ ಕೂತು ನೋಡುವ ಮುದುಕ. ನಡುವೆ ಬಾಯಿ ಹಾಕಿದರೆ ಗದರಿಸಿ, ವಸ್ತಾದರೇ.

ತಮಗೂ, ಈ ಸಭೆಗೂ ನಮಸ್ಕಾರ.